ಅವಳಿಗಿಂತ ಒಂದು ದಿನ ಹೆಚ್ಚು

ಲಿಫ್ಟಣ್ಣ ಹೆಂಡತಿಗಿಂತ ಮೊದಲು ಸಾಯಬಾರದೆಂದು ತೀರ್ಮಾನ ಮಾಡಿದ್ದ. ಯಾರ ಮುಂದೆಯೂ ಈ ಮಾತು ಆಡಿರಲಿಲ್ಲ. ಆಡಿದರೆ ಕೆಲವರು ನಗುತ್ತಾರೆ, ಕೆಲವರು ಅಯ್ಯೋ ಪಾಪ ಎನ್ನುತ್ತಾರೆ. ಎರಡನ್ನೂ ಸಹಿಸುವ ಜಾಯಮಾನ ಅವನದಲ್ಲ.

ಹರೆಯದಿಂದ ನಿವೃತ್ತಿಯವರೆಗೆ ಅವನು ಲಿಫ್ಟ್ ರಿಪೇರಿಯವನಾಗಿದ್ದ. ಆಸ್ಪತ್ರೆಯಾಗಲಿ, ಆಫೀಸಾಗಲಿ, ಎಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ತ್ರಿಶಂಕುವಾಗಿ ನಿಂತರೂ ಉಪಕರಣದ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ತಾನಿರುವ ಕಟ್ಟಡದ ಲಿಫ್ಟ್ ಮೇಲೇರುವಾಗ ಈಗಲೂ ಕಿವಿ ನಿಮಿರುತ್ತಿತ್ತು. ಅದು ಸ್ವಲ್ಪ ನರಳಿದರೂ ಸಾಕು, ಕೆಳಗಿಳಿದು ಹೋಗಿ ಕಾವಲುಗಾರನಿಗೆ ಎಣ್ಣೆ ಹಾಕಿಸಲು ಹೇಳಿ ಬರುತ್ತಿದ್ದ. ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ ಅವನದು. ಕಟ್ಟಡದ ಮಕ್ಕಳು ಮರಿಗಳಿಂದ ಹಿಡಿದು ಹಾಲು ತರುವವನವರೆಗೆ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣನೇ.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಲಿಫ್ಟಿನ ಮೋಟಾರು ಕೋಣೆಗಳಿಂದ ತನ್ನ ಕಂಪನಿಯ ಡಿಪೋಗೆ ಫೋನ್ ಲೈನ್ ಕೇಳುವಾಗೆಲ್ಲ ಅವನಿಗೆ ಸಿಗುತ್ತಿದ್ದುದು ಅವಳ ದನಿಯೇ. ಮುಖ ನೋಡುವ ಮೊದಲೇ ಆ ದನಿಗೆ ಬಿದ್ದುಹೋಗಿದ್ದ. ಮದುವೆಯಾದ ಮೇಲೆ ಗೊತ್ತಾಯಿತು, ಅವಳು ಮನೆಯಲ್ಲೂ ಅದೇ ದನಿಯಲ್ಲಿ ಹಲೋ ಅನ್ನುತ್ತಾಳೆ ಎಂದು. ಬಾಗಿಲು ಬಡಿದರೂ ಹಲೋ, ಸ್ನಾನದ ಮನೆಯಿಂದ ಕರೆದರೂ ಹಲೋ. ನೆಂಟರ ಮಕ್ಕಳು ಅವಳಿಗೆ ಹಲೋ ಅತ್ತೆ ಎಂದು ಹೆಸರಿಟ್ಟು ಅದೇ ಖಾಯಂ ಆಯಿತು.

ಎರಡು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ ಒಂದೇ ಒಂದು ಪದ ವಾಪಸು ಬಂತು. ಅದು ಹಲೋ. ನೀರು ಬೇಕಾದರೂ ಹಲೋ, ಸಿಟ್ಟು ಬಂದರೂ ಹಲೋ, ಕಿಟಕಿಯ ಮೇಲೆ ಪಾರಿವಾಳ ಕೂತರೂ ಹಲೋ. ದನಿಯ ಏರಿಳಿತದಲ್ಲಿ ಅರ್ಥ ಹಿಡಿಯಬೇಕು. ಲಿಫ್ಟಣ್ಣ ಬಹುಪಾಲು ಹಿಡಿಯುತ್ತಿದ್ದ. ಯಂತ್ರಗಳ ನರಳಾಟ ಕೇಳಿಸಿಕೊಂಡು ಬೆಳೆದ ಕಿವಿ, ಹೆಂಡತಿಯದು ಕೇಳಿಸದೆ ಇರುತ್ತದೆಯೇ ಎಂದು ಹೆಮ್ಮೆಪಡುತ್ತಿದ್ದ.

ಅವಳನ್ನು ಹಾಸಿಗೆಯಿಂದ ಎಬ್ಬಿಸುವುದು, ಕುರ್ಚಿಗೆ ಕೂರಿಸುವುದು, ಸ್ನಾನ, ತಲೆ ಬಾಚುವುದು, ತುತ್ತು ತಿನ್ನಿಸುವುದು ಎಲ್ಲ ಅವನದೇ. ಮೊದಮೊದಲು ಒಬ್ಬ ದಾದಿ ಬರುತ್ತಿದ್ದಳು. ಅವಳು ಮುಟ್ಟಿದರೆ ಹೆಂಡತಿ ಮೈ ಬಿಗಿಹಿಡಿಯುತ್ತಿದ್ದುದನ್ನು ನೋಡಿ ಅವನೇ ಬೇಡ ಎಂದುಬಿಟ್ಟ. ಇರುವವಳು ಒಬ್ಬಳೇ ಮಗಳು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಇಡೀ ದಿನ ಯಾರ್ಯಾರದೋ ದವಡೆಯ ಅಚ್ಚಿನ ಮುಂದೆ ಬಗ್ಗಿ ಕೂತು ಕತ್ತು ನೋವು ಬರಿಸಿಕೊಂಡವಳು. ಗಂಡ, ಎರಡು ಮಕ್ಕಳು, ಇಕ್ಕಟ್ಟಾದ ಮನೆ. ಅವಳ ತಲೆಯ ಮೇಲೆ ಈ ಹೊರೆ ಹೇರಬಾರದೆಂಬುದು ಲಿಫ್ಟಣ್ಣನ ಹಟ. ಹಾಗಾದರೆ ದಾರಿ ಒಂದೇ. ತಾನು ಹೆಂಡತಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು.

ಹೀಗಿರುವಾಗ ಹತ್ತಿರದ ಗ್ರಂಥಾಲಯದಲ್ಲಿ ವಯಸ್ಸಾದವರಿಗೆಂದು ಒಂದು ಉಪನ್ಯಾಸ ಏರ್ಪಾಡಾಯಿತು. ಮೂರನೇ ಮಹಡಿಯ ಟೈಲರಮ್ಮ, ಆಗಾಗ ಹಲೋ ಅತ್ತೆಯ ಬಳಿ ಕೂತು ಗುಂಡಿ ಹೊಲಿಯುತ್ತಾ ಕಾಲ ಕಳೆಯುವವಳು, ತಾನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಅಣ್ಣ ಎಂದು ಒತ್ತಾಯಿಸಿ ಕಳಿಸಿದಳು. ಆದರೆ ಗಿರಾಕಿಯೊಬ್ಬರು ಬರುವವರಿದ್ದುದರಿಂದ ಐದು ಗಂಟೆಯೊಳಗೆ ಬರಬೇಕೆಂದು ಹೇಳಿದ್ದಳು.

ಉಪನ್ಯಾಸಕ ಒಳ್ಳೆಯ ಮಾತುಗಾರ. ನಮ್ಮ ಮೈ ಕೋಟ್ಯಂತರ ಜೀವಕೋಶಗಳಿಂದ ಆಗಿದೆ, ಅವು ಹಳತಾದಂತೆ ಒಂದು ಎರಡಾಗಿ ಒಡೆದು ಹೊಸದಾಗುತ್ತವೆ, ಪ್ರತಿ ಕೋಶದೊಳಗಿನ ಎಳೆಗಳ ತುದಿಯಲ್ಲಿ ಟೋಪಿಯಂಥ ಒಂದು ರಕ್ಷೆ ಇರುತ್ತದೆ, ಒಡೆದಷ್ಟೂ ಅದು ಸವೆಯುತ್ತದೆ, ತೀರ ಸವೆದರೆ ಕೋಶ ಮುದಿಯಾಗಿ ಕೂತುಬಿಡುತ್ತದೆ ಎಂದು ವಿವರಿಸಿದ. ಲಿಫ್ಟಿನ ಉಕ್ಕಿನ ಹಗ್ಗದ ಎಳೆಗಳು ಒಂದೊಂದಾಗಿ ಹೇಗೆ ಸವೆಯುತ್ತವೆಂದು ಕಂಡಿದ್ದ ಲಿಫ್ಟಣ್ಣನಿಗೆ ಇದು ಸಲೀಸಾಗಿ ತಲೆಗೆ ಹೋಯಿತು. ನಾವು ತಿನ್ನುವುದಕ್ಕೂ ಈ ಸವೆತಕ್ಕೂ ಸಂಬಂಧವಿದೆಯೆಂದು ಉಪನ್ಯಾಸಕ ಮುಂದುವರಿಸಿದ. ಪ್ರಯೋಗಶಾಲೆಯ ಇಲಿಗಳಿಗೆ ಊಟ ಕಡಿಮೆ ಮಾಡಿದಾಗ ಅವು ಹೊಟ್ಟೆತುಂಬ ತಿಂದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂದ. ಲಿಫ್ಟಣ್ಣ ಮುಂದಕ್ಕೆ ಬಾಗಿ ಕೂತ. ಅಷ್ಟರಲ್ಲಿ ಗಡಿಯಾರ ಐದು ಗಂಟೆಗೆ ಹತ್ತಿರವಾಗಿತ್ತು. 'ಆದರೆ ಮನುಷ್ಯರ ವಿಷಯಕ್ಕೆ ಬಂದರೆ' ಎಂದು ಉಪನ್ಯಾಸಕ ಶುರು ಮಾಡುತ್ತಿದ್ದಾಗ ಅವನು ಸದ್ದಾಗದಂತೆ ಎದ್ದು ಹೊರಬಂದ.

ಮರುದಿನದಿಂದಲೇ ಬೆಳಗಿನ ತಿಂಡಿ ಬಂದಾಯಿತು. ಸಂಜೆ ಬೆಳಕಿರುವಾಗಲೇ ಒಂದು ಬಟ್ಟಲು ತೆಳ್ಳಗಿನ ಸೂಪು, ಅಲ್ಲಿಗೆ ಆ ದಿನದ ಊಟ ಮುಗಿಯಿತು. ಮಧ್ಯಾಹ್ನ ಒಂದಿಷ್ಟು ಸೌತೆಕಾಯಿ, ಒಂದು ಚೂರು ಬ್ರೆಡ್ಡು. ಮೊಟ್ಟೆ, ಮೀನು, ಬೇಳೆ ಎಲ್ಲ ಭಾರ ಎಂದು ಕೈಬಿಟ್ಟ. ಹೆಂಡತಿಗೆ ಮಾತ್ರ ಏನೂ ಕಡಿಮೆಯಿಲ್ಲ. ಅವಳಿಗೆ ಬೇಯಿಸಿದ ತರಕಾರಿ, ಮೆತ್ತಗೆ ಹಿಸುಕಿದ ಆಲೂಗಡ್ಡೆ, ಮೊಸರು, ಮೊಟ್ಟೆ ಎಲ್ಲ ತಟ್ಟೆಯಲ್ಲಿ ಒಪ್ಪವಾಗಿ ಬಡಿಸಿ ಚಮಚದಲ್ಲಿ ತಿನ್ನಿಸುತ್ತಿದ್ದ. ತಾನು ಪಕ್ಕದಲ್ಲಿ ಬಿಸಿನೀರಿನ ಲೋಟ ಹಿಡಿದು ಕೂರುತ್ತಿದ್ದ.

ಮೊದಲ ಕೆಲವು ವಾರ ಹಸಿವು ಹೊಟ್ಟೆಯೊಳಗೆ ಬೆಕ್ಕಿನಂತೆ ಪರಚಿತು. ಆಮೇಲೆ ಅಭ್ಯಾಸವಾಯಿತು. ಹೊಟ್ಟೆ ಇಳಿಯಿತು. ಬೆಲ್ಟಿಗೆ ಹೊಸ ತೂತು ಕೊರೆದ. ಕಟ್ಟಡದವರು ಏನಣ್ಣ, ಹತ್ತು ವರ್ಷ ಚಿಕ್ಕವನಾಗಿದ್ದೀಯ ಎಂದು ಹೊಗಳಿದಾಗ ಒಳಗೊಳಗೇ ಹಿಗ್ಗಿದ. ಕನ್ನಡಿಯಲ್ಲಿ ಕೆನ್ನೆಯ ಮೂಳೆ ಎದ್ದು ಕಂಡರೆ ಸವೆಯುವುದು ನಿಂತಿದೆ ಎಂದೇ ಭಾವಿಸಿದ. ಟೈಲರಮ್ಮ ಒಬ್ಬಳು ಮಾತ್ರ, ಪ್ಯಾಂಟಿನ ಸೊಂಟ ಹಿಡಿಸಲು ಕೊಟ್ಟಾಗ ಅಳತೆ ಟೇಪನ್ನು ಅವನ ಸುತ್ತ ತಂದು ಎರಡೆರಡು ಸಲ ಅಳೆದಳು. ಏನಾದರೂ ಕಾಯಿಲೆಯೇ ಎಂದು ಮೆಲ್ಲಗೆ ಕೇಳಿದಳು. ಇಲ್ಲವೇ ಇಲ್ಲ, ಇದು ಆರೋಗ್ಯ ಎಂದು ಅವನು ನಕ್ಕುಬಿಟ್ಟ.

ಚಳಿ ಮಾತ್ರ ಹೆಚ್ಚಾಯಿತು. ಬಿಸಿಲಲ್ಲೂ ಸ್ವೆಟರ್ ಬೇಕೆನಿಸುತ್ತಿತ್ತು. ಸಣ್ಣ ಸಣ್ಣದಕ್ಕೆ ರೇಗುತ್ತಿದ್ದ. ಚಮಚ ಕೈಜಾರಿ ಬಿದ್ದರೆ ಚಮಚಕ್ಕೇ ಬೈಯುತ್ತಿದ್ದ. ಹೆಂಡತಿಯನ್ನು ಕುರ್ಚಿಗೆ ಎತ್ತಿ ಕೂರಿಸಿದ ಮೇಲೆ ಗೋಡೆ ಹಿಡಿದು ಉಸಿರು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ವಯಸ್ಸು, ಇನ್ನೇನು, ಎಂದುಕೊಂಡ.

ಅದೇ ಹೊತ್ತಿಗೆ ಇನ್ನೊಂದು ಶುರುವಾಯಿತು. ಹೆಂಡತಿ ಊಟ ಬಿಡತೊಡಗಿದಳು. ಮೊದಲು ಅರ್ಧ ತಟ್ಟೆ ಉಳಿಸುತ್ತಿದ್ದವಳು ಆಮೇಲೆ ನಾಲ್ಕೈದು ಚಮಚಕ್ಕೇ ತುಟಿ ಬಿಗಿಯುತ್ತಿದ್ದಳು. ಎಡಗೈಯಿಂದ ಚಮಚವನ್ನು ಅವನತ್ತ ತಳ್ಳುತ್ತಿದ್ದಳು. ಹಲೋ ಎನ್ನುತ್ತಿದ್ದಳು, ಅವನಿಗೆ ಹಿಡಿಯಲಾಗದ ಒಂದು ದನಿಯಲ್ಲಿ. ಸಾಕು ಅನ್ನುತ್ತಿದ್ದಾಳೆ ಎಂದು ಅವನು ತಿಳಿದ. ಪುಸಲಾಯಿಸಿದ, ಗದರಿದ, ಹಾಲಿಗೆ ಬಾಳೆಹಣ್ಣು ಹಿಸುಕಿ ಕೊಟ್ಟ. ಅವಳು ಬಾಯಿ ತೆರೆಯಲಿಲ್ಲ. ಕಾಯಿಲೆ ಮುಂದಿನ ಮೆಟ್ಟಿಲಿಗೆ ಹೋಯಿತು ಎಂದು ಅವನು ಹೆದರಿದ. ಅವಳು ಬಾಡುತ್ತಿದ್ದಂತೆ ತಾನು ಗಟ್ಟಿಯಾಗಿರಬೇಕೆಂಬ ಹಟ ಬಲಿತು, ಸಂಜೆಯ ಸೂಪನ್ನೂ ಅರ್ಧ ಮಾಡಿದ.

ಮಗಳು ಭಾನುವಾರಗಳಂದು ಬರುತ್ತಿದ್ದಳು. ಅವಳಿಗೆ ಮೊದಲು ಅನುಮಾನ ಹುಟ್ಟಿಸಿದ್ದು ಅಪ್ಪನ ಮೈಯಲ್ಲ, ಅವನ ಬಾಯಿ. ಅಪ್ಪನ ಹಲ್ಲಿನ ಸೆಟ್ ಅವಳೇ ಮಾಡಿದ್ದು, ಅವಳ ಕೈಯ ಅತ್ಯುತ್ತಮ ಕೆಲಸಗಳಲ್ಲೊಂದು. ಆ ದಿನ ಅವನು ಮಾತಾಡುವಾಗ ಅದು ಟಕ್ ಟಕ್ ಎನ್ನುತ್ತಿತ್ತು.

"ಅಪ್ಪ, ಹಲ್ಲು ಯಾಕೆ ಅಲ್ಲಾಡ್ತಿದೆ?"

"ನೀನು ಮಾಡಿದ್ದಲ್ವಾ, ಅದಕ್ಕೆ," ಎಂದು ಅವನು ತಮಾಷೆ ಮಾಡಿ ಅಡುಗೆಮನೆಗೆ ನುಸುಳಿದ.

ಅವಳು ಬಿಡಲಿಲ್ಲ. ಸೆಟ್ ತೆಗೆಸಿ ಬೆಳಕಿಗೆ ಹಿಡಿದು ನೋಡಿದಳು. ಸೆಟ್‌ಗೆ ಏನೂ ಆಗಿರಲಿಲ್ಲ. ಒಸಡು ಇಳಿದಿತ್ತು, ಕೆನ್ನೆ ಒಳಗೆ ಹೋಗಿತ್ತು. ಅಪ್ಪ ನೀನು ಊಟ ಮಾಡ್ತಿದ್ದೀಯಾ ಎಂದು ನೇರವಾಗಿ ಕೇಳಿದಳು. ತಾನು ತೂಕ ಇಳಿಸುತ್ತಿರುವುದಾಗಿ, ಈಗ ಎಲ್ಲ ವಿಜ್ಞಾನಿಗಳೂ ಅದನ್ನೇ ಹೇಳುವುದಾಗಿ ಅವನು ಸಮಜಾಯಿಷಿ ಕೊಟ್ಟ. ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮನ ಕಾಲರ್ ಮೂಳೆಯ ಹಿಂದೆ ಒಂದು ಸಣ್ಣ ಗುಳಿ ಬಿದ್ದಿತ್ತು. ಹಸಿವಿಲ್ಲ ಅವಳಿಗೆ, ಎಂದ ಅಪ್ಪ. ಮುಂದಿನ ವಾರ ಇಬ್ಬರನ್ನೂ ಕ್ಲಿನಿಕ್ಕಿಗೆ ಕರೆದೊಯ್ಯುತ್ತೇನೆಂದು ಹೇಳಿ, ಸೆಟ್‌ನೊಳಗೆ ಹೊಸ ಪದರ ಕೂರಿಸಲೆಂದು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು. ಆ ವಾರ ಬರುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಬುಧವಾರ ಬೆಳಿಗ್ಗೆ. ಹೆಂಡತಿಯನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸಿದ. ಮೈ ಒರೆಸಿ, ಕಂಕುಳಡಿ ಕೈಹಾಕಿ, ಅವಳ ಎಡಗೈಯನ್ನು ತನ್ನ ಕುತ್ತಿಗೆಗೆ ಸುತ್ತಿಕೊಂಡು, ದಿನವೂ ಹೇಳುವಂತೆ ಏಳು ಕಣೇ ಎಂದ. ಅವಳು ಎದ್ದಳು. ಅವನ ಮೊಣಕಾಲು ಮಾತ್ರ ನಿಲ್ಲಲಿಲ್ಲ. ಒದ್ದೆ ಬಟ್ಟೆ ಹಗ್ಗದಿಂದ ಜಾರುವ ಹಾಗೆ ಅವನು ಗೋಡೆಗುಂಟ ಜಾರಿದ. ಅವಳು ಅವನ ತೊಡೆಯ ಮೇಲೆ ಬಿದ್ದಳು. ಅವನ ಪಾದ ಸ್ಟೂಲಿನಡಿ ಸಿಕ್ಕಿ ತಿರುಚಿತು.

ಯಾರ ಮೂಳೆಯೂ ಮುರಿಯಲಿಲ್ಲ. ಆದರೆ ಅವನಿಗೆ ಏಳಲಾಗಲಿಲ್ಲ. ಅಂಗೈ ಊರಿ ಒಂದು ಸಲ ಪ್ರಯತ್ನಿಸಿದ. ಇನ್ನೊಂದು ಸಲ ಪ್ರಯತ್ನಿಸಿದ. ತೋಳು ಥರಥರ ನಡುಗಿ ಮಡಚಿಕೊಂಡಿತು. ಉಕ್ಕಿನ ಬಾಗಿಲುಗಳನ್ನು ಕೈಯಿಂದಲೇ ಸರಿಸಿ ಜನರನ್ನು ಹೊರಗೆಳೆಯುತ್ತಿದ್ದ ತೋಳು ಅದು. ಫೋನು ಹಾಸಿಗೆಯ ಮೇಲಿತ್ತು. ನಲ್ಲಿ ಇನ್ನೂ ಸುರಿಯುತ್ತಿತ್ತು. ಹೆಂಡತಿಗೆ ಚಳಿಯಾಗಿ ಮೈ ಮುಳ್ಳೆದ್ದಿತ್ತು. ಆದರೂ ಎಡಗೈಯಿಂದ ಟವೆಲನ್ನು ಎಳೆದು ಅವಳು ಹೊದಿಸಿದ್ದು ಅವನ ಹೆಗಲಿಗೆ.

"ನಿನ್ನ ಬಿಟ್ಟು ಹೋಗ್ಬಾರ್ದು ಅಂತ ಇಷ್ಟೆಲ್ಲ ಮಾಡ್ದೆ ಕಣೇ," ಎಂದ ಅವನು. ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಬಿತ್ತು. ಬಿದ್ದದ್ದೇ ಅವನಿಗೆ ಅಳು ಬಂತು.

ಅವಳು ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಗಾಳಿಕಿಂಡಿಯ ಕಡೆ ನೋಡಿದಳು. ಕಟ್ಟಡದ ಎಲ್ಲ ಸ್ನಾನದ ಮನೆಗಳ ಕಿಂಡಿಗಳೂ ತೆರೆದುಕೊಳ್ಳುವುದು ಒಂದೇ ಕಿರಿದಾದ ಬಾವಿಯಂಥ ಜಾಗಕ್ಕೆ. ಅವಳು ಎದೆತುಂಬ ಉಸಿರೆಳೆದು ಕರೆದಳು.

"ಹಲೋ."

ಅದು ಕಾಯಿಲೆಯವಳ ತೊದಲು ದನಿಯಾಗಿರಲಿಲ್ಲ. ದೂರದೂರಿನ ಲೈನಿನಲ್ಲಿ ಗಿಜಿಗಿಜಿ ಸದ್ದಿನ ನಡುವೆ ಆ ಕಡೆಯವರಿಗೆ ಕೇಳುವಂತೆ ಸ್ಪಷ್ಟವಾಗಿ, ಅವಸರವಿಲ್ಲದೆ ಕೂಗುತ್ತಿದ್ದ ಆಪರೇಟರಿನ ದನಿ. ಸ್ವಲ್ಪ ತಡೆದು ಮತ್ತೆ ಕೂಗಿದಳು. ಮತ್ತೆ ತಡೆದು ಮತ್ತೆ. ಕೆಳಗೆ ಬಟ್ಟೆ ಕತ್ತರಿಸುತ್ತಿದ್ದ ಟೈಲರಮ್ಮನಿಗೆ ಯಾರೋ ತನ್ನನ್ನೇ ಫೋನಿನಲ್ಲಿ ಕರೆದಂತಾಯಿತಂತೆ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು. ಬದಲಿ ಕೀಲಿ ಅವಳ ಬಳಿ ಇತ್ತು.

ಸುದ್ದಿ ತಿಳಿದು ಓಡಿ ಬಂದ ಮಗಳು ಇಬ್ಬರನ್ನೂ ಕ್ಲಿನಿಕ್ಕಿಗೆ ಕರೆದೊಯ್ದಳು. ಅಲ್ಲಿ ಡಾಕ್ಟರಮ್ಮ ಅವನ ಪಾದಕ್ಕೆ ಪಟ್ಟಿ ಕಟ್ಟಿಸಿ, ತೂಕ ನೋಡಿ, ಹಳೆಯ ತೂಕದ ಜೊತೆ ಹೋಲಿಸಿ ಹುಬ್ಬೇರಿಸಿದಳು. ತೋಳು ತೊಡೆಗಳನ್ನು ಒತ್ತಿ ನೋಡಿದಳು. ತನ್ನ ಎರಡು ಬೆರಳು ಕೊಟ್ಟು ಆದಷ್ಟು ಬಿಗಿಯಾಗಿ ಹಿಚುಕಿ ಎಂದಳು. ಹಿಚುಕಿದ ಮೇಲೆ, ಇಷ್ಟೇನಾ ಎಂದಳು. ಅವನಿಗೆ ಅವಮಾನವಾಯಿತು. ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಅದೇ ಅವಮಾನದ ಹುರುಪಿನಲ್ಲಿ ಎಲ್ಲವನ್ನೂ ಬಾಯಿಬಿಟ್ಟ. ಉಪನ್ಯಾಸ, ಎಳೆಗಳ ತುದಿಯ ಟೋಪಿ, ಇಲಿಗಳು, ಹೆಂಡತಿಗಿಂತ ಒಂದು ದಿನ ಹೆಚ್ಚು. ಮಗಳು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ. ಆ ಉಪನ್ಯಾಸಕ ತನಗೆ ಗೊತ್ತು, ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ನೀವು ಅರ್ಧಕ್ಕೆ ಎದ್ದು ಬಂದಿರಿ ಅಷ್ಟೇ ಎಂದಳು. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ, ಅದೂ ಎಪ್ಪತ್ತು ದಾಟಿದವರಲ್ಲಿ, ಹಾಗೇ ನಡೆಯುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ. ವಯಸ್ಸಾದ ಮೈ ಮಾಂಸಖಂಡವನ್ನು ತಾನಾಗಿಯೇ ಕಳೆದುಕೊಳ್ಳುತ್ತಿರುತ್ತದೆ. ಊಟ ಕಡಿಮೆಯಾದರೆ ಕೊಬ್ಬಿನ ಜೊತೆಗೆ ಅದನ್ನೂ ಕರಗಿಸಿಕೊಂಡು ತಿನ್ನುತ್ತದೆ. ಹೋದದ್ದನ್ನು ಮತ್ತೆ ಕಟ್ಟುವುದು ಯುವಕರಿಗೆ ಸುಲಭ, ನಿಮಗೆ ಕಷ್ಟ. ಸೊಪ್ಪು, ತರಕಾರಿ, ಹಣ್ಣು, ಬೇಳೆ ಕಾಳು, ಬಾದಾಮಿ ಆಕ್ರೋಟದಂಥ ಬೀಜಗಳು, ಮೀನು, ಮೊಟ್ಟೆ, ಇವನ್ನು ಹೆಚ್ಚಾಗಿ ತಿಂದು, ಸಕ್ಕರೆ, ಉಪ್ಪು, ಕರಿದದ್ದು ಕಡಿಮೆ ಮಾಡಿದವರ ಜೀವಕೋಶಗಳು ನಿಧಾನ ಮುದಿಯಾಗುತ್ತವೆ ಎನ್ನಲು ಒಂದಿಷ್ಟು ಆಧಾರವಿದೆ. ಆದರೆ ತಿನ್ನಬೇಕು. ಹೊಟ್ಟೆತುಂಬ ತಿನ್ನಬೇಕು, ಮೈಗೆ ಕೆಲಸ ಕೊಡಬೇಕು.

"ಆ ಇಲಿಗಳು ಪಂಜರದಲ್ಲಿ ಆರಾಮಾಗಿ ಕೂತಿರ್ತವೆ," ಎಂದಳು ಕೊನೆಗೆ. "ಹೆಂಡತೀನ ಎತ್ತಿ ಕುರ್ಚಿ ಮೇಲೆ ಕೂರಿಸೋ ಕೆಲಸ ಅವಕ್ಕಿಲ್ಲ. ನಿಮಗಿದೆ."

ಹಾಗಾದರೆ ಎಷ್ಟು ತಿಂದರೆ ಇವಳಿಗಿಂತ ಒಂದು ದಿನ ಹೆಚ್ಚು ಸಿಗುತ್ತದೆ ಎಂದು ಅವನು ಕೇಳಿದ. ತೀರ ಗಂಭೀರವಾಗಿ ಕೇಳಿದ. ಅದನ್ನು ಯಾರೂ ಬರೆದುಕೊಡಲಾರರು, ಇರುವ ದಿನಗಳಲ್ಲಿ ಕಾಲ ಮೇಲೆ ನಿಲ್ಲುವಂತೆ ಮಾಡುವುದಷ್ಟೇ ತನ್ನ ಕೈಲಾಗುವುದು ಎಂದಳು ಡಾಕ್ಟರಮ್ಮ. ಆಮೇಲೆ ಹಲೋ ಅತ್ತೆಯನ್ನು ಪರೀಕ್ಷಿಸಿದಳು. ನುಂಗಲು ತೊಂದರೆಯಿಲ್ಲ, ಬಾಯಲ್ಲಿ ಹುಣ್ಣಿಲ್ಲ, ಲಕ್ವ ಮರುಕಳಿಸಿದ ಗುರುತೂ ಇಲ್ಲ. ಇವರು ಊಟ ಮಾಡುವಾಗ ಜೊತೆಗೆ ಯಾರು ಊಟ ಮಾಡುತ್ತಾರೆ ಎಂದು ಕೇಳಿದಳು. ಮಗಳು ಅಪ್ಪನ ಕಡೆ ತಿರುಗಿದಳು.

ಮನೆಗೆ ಬಂದ ಮೇಲೆ ಮಗಳೇ ಅಡುಗೆ ಮಾಡಿದಳು. ಬೇಳೆ, ಪಾಲಕ್ ಸೊಪ್ಪು ಒಟ್ಟಿಗೆ ಬೇಯಿಸಿದಳು, ಮೊಟ್ಟೆ ಕಲಸಿ ಹುರಿದಳು. ಸರಿಮಾಡಿ ತಂದಿದ್ದ ಹಲ್ಲಿನ ಸೆಟ್ಟನ್ನು ಅಪ್ಪನ ಕೈಗೆ ಕೊಟ್ಟು, ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಲಿಫ್ಟಣ್ಣ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ರೂಢಿಯಂತೆ ಮೊದಲು ಹೆಂಡತಿಯ ಬಾಯಿಗೆ ಚಮಚ ಹಿಡಿದ. ಅವಳು ತುಟಿ ಬಿಗಿದಳು. ಎಡಗೈಯಿಂದ ಅವನ ಮುಂಗೈ ಹಿಡಿದು ಚಮಚವನ್ನು ಅವನ ಬಾಯಿಯ ಕಡೆಗೇ ತಿರುಗಿಸಿದಳು. ಹಲೋ ಎಂದಳು, ಅವನಿಗೆ ಈವರೆಗೆ ಅರ್ಥವಾಗದಿದ್ದ ಅದೇ ದನಿಯಲ್ಲಿ.

"ಅಪ್ಪ, ತಿನ್ನು," ಎಂದಳು ಮಗಳು.

ಅವನು ತಿಂದ. ಮೊಟ್ಟೆಗೆ ಉಪ್ಪು ತುಸು ಕಡಿಮೆಯಿತ್ತು; ಹಾಗಿದ್ದೂ ಅಂಥ ರುಚಿ ನಾಲಿಗೆಗೆ ಮರೆತೇಹೋಗಿತ್ತು. ಅವನು ಅಗಿದು ನುಂಗುವವರೆಗೂ ಹೆಂಡತಿ ಕಣ್ಣು ಕೀಳದೆ ಅವನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ್ದು ಖಾತ್ರಿಯಾದ ಮೇಲೆ ತನ್ನ ಬಾಯಿ ತೆರೆದಳು.

ಅವನಿಗೊಂದು, ಅವಳಿಗೊಂದು. ಹೀಗೆ ಎರಡು ತಟ್ಟೆಯೂ ಖಾಲಿಯಾದವು. ಅವಳಿಗೆ ಹಸಿವಿಲ್ಲದೆ ಇರಲಿಲ್ಲ. ಮನೆಯಲ್ಲಿ ಇಬ್ಬರಿಗಾಗುವಷ್ಟು ಊಟವಿಲ್ಲ ಅಂದುಕೊಂಡಳೋ, ಅವನಿಗೆ ಏನೋ ಕಾಯಿಲೆ ಅಂದುಕೊಂಡಳೋ, ಅಥವಾ ನೀನು ತಿನ್ನದಿದ್ದರೆ ನಾನೂ ಇಲ್ಲ ಎಂಬ ಬರೀ ಹಟವೋ, ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಾಯಿದ್ದಿದ್ದರೆ ಮೊದಲ ದಿನವೇ ಗದರಿ ಊಟಕ್ಕೆ ಕೂರಿಸಿಬಿಡುತ್ತಿದ್ದಳು. ಬಾಯಿಲ್ಲದ್ದರಿಂದ ತನಗಿದ್ದ ಒಂದೇ ದಾರಿ ಹಿಡಿದಿದ್ದಳು. ಅದನ್ನು ಅವನು ರೋಗ ಎಂದುಕೊಂಡಿದ್ದ.

"ಯಂತ್ರದ ದನಿ ಎಲ್ಲ ಅರ್ಥ ಆಗುತ್ತೆ ಅಂತ ಮೆರೀತಿದ್ದೆ," ಎಂದು ತನಗೆ ತಾನೇ ಹೇಳಿಕೊಂಡು ಮುಖ ತಿರುಗಿಸಿದ. ಹೆಂಡತಿ ಕರವಸ್ತ್ರ ತೆಗೆದು ಅವನ ಗಲ್ಲಕ್ಕಂಟಿದ ಸೊಪ್ಪಿನ ಚೂರು ಒರೆಸಿದಳು.

ಮಗಳು ತಟ್ಟೆಗಳನ್ನು ತೊಳೆಯಲು ಎತ್ತಿಕೊಂಡು ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಅವನು ಕುಂಟುತ್ತಾ ಅಡುಗೆಮನೆಯ ಬಾಗಿಲಿಗೆ ಹೋಗಿ ನೋಡಿದರೆ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ಉಜ್ಜುತ್ತಾ ನಿಂತಿದ್ದಳು.

"ಪುಟ್ಟೀ, ಏನಾಯ್ತು?"

"ಏನಿಲ್ಲ."

"ಹೇಳು."

ಅವಳು ನಲ್ಲಿ ನಿಲ್ಲಿಸಿದಳು. "ಯಾರೋ ಹೇಳಿದ ಇಲಿಗಳ ಮೇಲೆ ನಿನಗೆ ನಂಬಿಕೆ ಬಂತು. ನನ್ನ ಮೇಲೆ ಬರಲಿಲ್ಲ."

ಅವನು ಏನೋ ಹೇಳಲು ಹೋದ. ನಿನಗೆ ಕೆಲಸವಿದೆ, ಮಕ್ಕಳಿದ್ದಾರೆ, ಮನೆಯಲ್ಲಿ ಜಾಗವಿಲ್ಲ, ಎಂದ. ಎಲ್ಲ ನಿಜವೇ ಎಂದಳು ಮಗಳು. ನಾಳೆ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡರೆ ಕಷ್ಟವಾಗುತ್ತದೆ, ಇಲ್ಲ ಅನ್ನುವುದಿಲ್ಲ; ಮಕ್ಕಳ ಮಂಚ ಹಜಾರಕ್ಕೆ ಹಾಕಬೇಕಾಗುತ್ತದೆ, ಲ್ಯಾಬಿನಲ್ಲಿ ಅರ್ಧ ದಿನದ ಕೆಲಸ ಕೇಳಬೇಕಾಗುತ್ತದೆ. ಅದನ್ನೆಲ್ಲ ತಾನೂ ಗಂಡನೂ ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಕೂತು ಮಾತಾಡಿಕೊಂಡಿದ್ದಾಗಿತ್ತು. ಅಪ್ಪ ಕೇಳುತ್ತಾನೆ ಎಂದು ಕಾದಿದ್ದಳು. ಅಪ್ಪ ಕೇಳಲೇ ಇಲ್ಲ. ಕೇಳದೆ ಇರುವಾಗ ತಾನಾಗಿ ಹೇಳಿದರೆ, ಮಗಳು ನನ್ನ ಸಾವನ್ನೇ ಕಾಯುತ್ತಿದ್ದಾಳೆ ಎಂದು ಅಪ್ಪ ಅಂದುಕೊಂಡುಬಿಟ್ಟರೆ ಎಂದು ಅವಳಿಗೂ ಬಾಯಿ ಬಂದಿರಲಿಲ್ಲ.

"ಅಮ್ಮನ್ನ ಹೇಗೆ ಎತ್ತಬೇಕು ಅಂತ ನನಗೆ ಕಲಿಸು," ಎಂದಳು. "ನೀನು ಇರುವಾಗಲೇ ಕಲಿಸು. ನಾನು ಮುಟ್ಟಿದ್ರೆ ಅಮ್ಮ ಮೈ ಬಿಗಿಹಿಡಿಬಾರ್ದು."

ಲಿಫ್ಟಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಎರಡು ವರ್ಷದಿಂದ ತಾನೊಬ್ಬನೇ ಹೊತ್ತುಕೊಂಡಿದ್ದ ಭಯದ ಇನ್ನೊಂದು ತುದಿಯನ್ನು ಮಗಳೂ ಹೊತ್ತಿದ್ದಳೆಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಸರಿ ಎಂದು ತಲೆಯಾಡಿಸಿದ.

ಪಾದ ವಾಸಿಯಾಗುವವರೆಗೆ ಮಗಳು ಬೆಳಿಗ್ಗೆ ಲ್ಯಾಬಿಗೆ ಹೋಗುವ ಮೊದಲು ಬಂದು ಅಮ್ಮನ ಸ್ನಾನ ಮಾಡಿಸಿದಳು. ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಪಾಠ ಹೇಳಿದ. ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಭಾರವನ್ನು ನಿನ್ನ ಮೈಗೆ ಅಂಟಿಸಿಕೊ, ದೂರ ಹಿಡಿಯಬೇಡ. ಅವಳ ಒಳ್ಳೆಯ ಕಾಲಿಗೂ ಕೆಲಸ ಕೊಡು, ಎಲ್ಲ ನೀನೇ ಮಾಡಿದರೆ ಅದು ಸೋಮಾರಿಯಾಗುತ್ತದೆ. ಮೊದಲ ಕೆಲವು ದಿನ ಹೆಂಡತಿ ಬಿಗಿದುಕೊಂಡಳು. ಹಲೋ ಹಲೋ ಎಂದು ಸಿಡುಕಿದಳು. ಮಗಳು ಅಮ್ಮ, ನಾನು ಯಾರ್ಯಾರದೋ ಹಲ್ಲು ಹಿಡಿದು ದಿನ ಕಳೀತೀನಿ, ನಿನ್ನ ಕಂಕುಳು ಹಿಡಿಯೋಕೆ ನಾಚಿಕೆಯಾ ಎಂದು ಚುಡಾಯಿಸಿದಳು. ಒಂದು ಬೆಳಿಗ್ಗೆ ಅಮ್ಮನಿಗೆ ನಗು ಬಂತು. ನಗುವವರು ಮೈ ಬಿಗಿಹಿಡಿಯಲಾರರು.

ಅವನ ಊಟವೂ ಹಳಿಗೆ ಬಂತು. ಹೊಟ್ಟೆ ಚಿಕ್ಕದಾಗಿ ಹೋಗಿದ್ದರಿಂದ ಮೊದಲು ಸ್ವಲ್ಪ ಸ್ವಲ್ಪವೇ, ಹಲವು ಸಲ. ಬೆಳಿಗ್ಗೆ ಮೊಟ್ಟೆ, ಹಣ್ಣು. ಮಧ್ಯಾಹ್ನ ಕಾಳು, ಸೊಪ್ಪು, ಮೊಸರು. ಟೈಲರಮ್ಮ ವಾರಕ್ಕೆರಡು ಸಲ ಮೀನು ಬೇಯಿಸಿ ತರುತ್ತಿದ್ದಳು. ಒಬ್ಬಳಿಗೇ ಅಡುಗೆ ಮಾಡಿಕೊಂಡು ತಿನ್ನಲು ಬೇಜಾರು ಎಂದು ಹೇಳಿ ತಾನೂ ಅಲ್ಲೇ ಕೂತು ಉಣ್ಣುತ್ತಿದ್ದಳು. ಡಾಕ್ಟರಮ್ಮ ಹೇಳಿಕೊಟ್ಟಂತೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮತ್ತೆ ಏಳುವುದು ಮಾಡುತ್ತಿದ್ದ. ಮೊದಲ ದಿನ ಅರ್ಧಕ್ಕೇ ಧೊಪ್ಪನೆ ಕೂತಿದ್ದ. ಅವನು ಏಳಲು ಹೊರಟಾಗ ಹೆಂಡತಿ ಹುರಿದುಂಬಿಸುವ ದನಿಯಲ್ಲಿ ಹಲೋ ಅನ್ನುವುದು, ಅವನು ಕೂತುಬಿಟ್ಟರೆ ಛೇಡಿಸುವ ದನಿಯಲ್ಲಿ ಹಲೋ ಅನ್ನುವುದು ನಡೆಯುತ್ತಿತ್ತು.

ಹೋದ ಬಲವೆಲ್ಲ ಬರಲಿಲ್ಲ. ತಿಂಗಳುಗಳ ನಂತರ ಡಾಕ್ಟರಮ್ಮ ಮತ್ತೆ ಬೆರಳು ಹಿಚುಕಿಸಿ ಪರವಾಗಿಲ್ಲ ಎಂದಳು, ಹೆಚ್ಚೇನೂ ಹೇಳಲಿಲ್ಲ. ತೊಡೆ ಮೊದಲಿನಂತಾಗುವುದು ಕಷ್ಟ, ಹೆಂಡತಿಯನ್ನು ಒಬ್ಬನೇ ಎತ್ತುವ ಸಾಹಸ ಇನ್ನು ಬೇಡ ಎಂದಳು. ಅವನು ಒಪ್ಪಿಕೊಂಡ. ಬೆಳಿಗ್ಗೆ ಮಗಳು, ಸಂಜೆ ಅವಳ ಗಂಡ ಎಂದು ಏರ್ಪಾಡಾಯಿತು. ಅಳಿಯ ಮಾತು ಕಡಿಮೆಯವನು. ಅತ್ತೆಯನ್ನು ಎತ್ತುವಾಗ ಅವನೂ ಹಲೋ ಅನ್ನುತ್ತಿದ್ದ, ಅಲ್ಲಿಗೆ ಇಬ್ಬರ ಸಂಭಾಷಣೆ ಮುಗಿಯುತ್ತಿತ್ತು. ಹೆಂಡತಿಯ ಕಾಲರ್ ಮೂಳೆಯ ಹಿಂದಿನ ಗುಳಿ ಮೆಲ್ಲಗೆ ತುಂಬಿಕೊಂಡಿತು. ಯಾರು ಮೊದಲು, ಯಾರು ಆಮೇಲೆ ಎಂಬ ಯೋಚನೆ ಅವನನ್ನು ಪೂರ್ತಿ ಬಿಟ್ಟಿತೆಂದು ಹೇಳಲಾಗದು. ಆಗಾಗ ಬರುತ್ತಿತ್ತು. ಬಂದಾಗ ಅದನ್ನು ಮಗಳಿಗೆ ಹೇಳುತ್ತಿದ್ದ, ಅವಳು ಹೂಂ ಅನ್ನುತ್ತಿದ್ದಳು.

ಒಂದು ಶನಿವಾರ ಮಗಳು ಅಮ್ಮನನ್ನು ಕುರ್ಚಿಗೆ ಕೂರಿಸಿ, ತಲೆ ಬಾಚಲು ಬಾಚಣಿಗೆ ಕೈಗೆತ್ತಿಕೊಂಡು, ಅಪ್ಪನ ಕಡೆ ತಿರುಗಿದಳು. ಅವನು ಏನಾದರೂ ತಪ್ಪಾದೀತೇನೋ ಎಂದು ಎರಡೂ ಕೈ ಮುಂದೆ ಚಾಚಿಕೊಂಡು ಪಕ್ಕದಲ್ಲೇ ನಿಂತಿದ್ದ. ಅಪ್ಪ, ನೀನು ಹೊರಗೆ ಒಂದು ಸುತ್ತು ಹೋಗಿ ಬಾ, ಎಂದಳು. ಎಲ್ಲಿಗೆ ಎಂದು ಕೇಳಿದ. ಎಲ್ಲಿಗಾದರೂ, ಎಂದಳು. ಅವನು ಹೆಂಡತಿಯನ್ನು ನೋಡಿದ. ಅವಳು ಕನ್ನಡಿಯಲ್ಲಿ ತನ್ನ ತಲೆಗೂದಲನ್ನು ನೋಡಿಕೊಳ್ಳುವುದರಲ್ಲಿ ಮುಳುಗಿದ್ದಳು.

ಅವನು ಬೀದಿಗಿಳಿದ. ಕೈಯಲ್ಲಿ ಚೀಲವಿಲ್ಲ, ಔಷಧಿ ಅಂಗಡಿಯ ಚೀಟಿಯಿಲ್ಲ, ಇಷ್ಟರೊಳಗೆ ವಾಪಸಾಗಬೇಕೆಂಬ ಅವಸರವಿಲ್ಲ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದ, ತೆಗೆದ. ಮೂಲೆಯ ಹಣ್ಣಿನಂಗಡಿಯ ಮುಂದೆ ನಿಂತು ಪಿಯರ್ ಹಣ್ಣುಗಳನ್ನು ಮೂಸಿ ನೋಡಿ, ಚೆನ್ನಾಗಿ ಮಾಗಿದ್ದೊಂದನ್ನು ಆರಿಸಿಕೊಂಡ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ. ಬಸ್ಸೊಂದು ಬಂದು ನಿಂತಿತು, ಹತ್ತುತ್ತೀರಾ ಎಂದು ಚಾಲಕ ನೋಡಿದ. ಅವನು ಇಲ್ಲವೆಂದು ತಲೆಯಾಡಿಸಿ ಹಣ್ಣನ್ನು ಕಚ್ಚಿದ. ರಸ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.